ಕೆಂಪು ಪಂಜರದಲ್ಲಿ ಏನೂ ಇರಲಿಲ್ಲ

ವಿಮಾನದ ಕಂಪನಿಗಳಲ್ಲಿ ದುಡ್ಡು ಹಾಕಬಹುದಾ, ಹಾಕುವುದಾದರೆ ವಿಮಾನ ಮಾಡುವವರ ಷೇರು ತೆಗೆದುಕೊಳ್ಳಬೇಕಾ ಇಲ್ಲ ಅವರಿಗೆ ಬಿಡಿಭಾಗ ಮಾಡಿಕೊಡುವವರದ್ದಾ ಅಂತ ಈಗಲೂ ನನ್ನನ್ನು ಕೇಳುವವರಿದ್ದಾರೆ. ಕೇಳಲಿ. ಷೇರು ದಲ್ಲಾಳಿ ಕೆಲಸದಲ್ಲಿ ತಲೆಕೂದಲೆಲ್ಲ ಉದುರಿಸಿಕೊಂಡವನು ನಾನು. ಕೇಳಿದವರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲ. ಆದರೆ ಉತ್ತರಕ್ಕೆ ಮುಂಚೆ ನನ್ನ ತಂಗಿಯ ಅಂಗಡಿಯ ವಿಷಯ ಹೇಳುತ್ತೇನೆ. ಅವಸರ ಇರುವವರು ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ತಂಗಿಯದು ಹೊಲಿಗೆ ಅಂಗಡಿ. ಗಂಡ ತೀರಿಕೊಂಡಾಗ ಅವಳ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಯಾರದೋ ಮನೆಯ ಮೆಟ್ಟಿಲ ಕೆಳಗೆ ಒಂದು ಹಳೇ ಮಷಿನ್ ಇಟ್ಟುಕೊಂಡು ಶುರು ಮಾಡಿದವಳು, ಈಗ ರಸ್ತೆ ಮೂಲೆಯ ಎರಡಂತಸ್ತಿನ ಕಟ್ಟಡವೇ ಅವಳದ್ದು. ಕೆಳಗೆ ಗಿರಾಕಿಗಳು, ಕನ್ನಡಿ, ಬಟ್ಟೆ ತಗುಲಿಹಾಕುವ ಸರಳು. ಮೇಲೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಸುತ್ತ ಐದಾರು ಹೆಂಗಸರು. ಬಾಯಿಗೆ ಬಂದದ್ದು ಮಾತಾಡಿಕೊಂಡು, ನಕ್ಕೊಂಡು, ಬೈದುಕೊಂಡು ದುಡಿಯುವ ಹೆಂಗಸರು. ಆ ಅಂಗಡಿ ಬಿಟ್ಟರೆ ನನ್ನ ತಂಗಿಗೆ ಈ ಭೂಮಿಯ ಮೇಲೆ ತನ್ನದು ಅಂತ ಇನ್ನೊಂದಿಲ್ಲ. ಅದನ್ನು ಮಾರಿ ಅಷ್ಟೂ ದುಡ್ಡನ್ನು ಅಳಿಯನ ಕಾರ್ಖಾನೆಗೆ ಹಾಕುತ್ತೇನೆ ಅಂತ ಹೊರಟಿದ್ದಳು.

ಅಳಿಯನ ಕಾರ್ಖಾನೆ ಅಂದರೆ ಸಣ್ಣಪುಟ್ಟದ್ದಲ್ಲ. ವಿಮಾನ ಇಳಿಯುವಾಗ ಹೊಟ್ಟೆಯೊಳಗಿಂದ ಕಾಲು ಚಾಚುತ್ತದಲ್ಲ, ಆ ಕಾಲಿನ ಕೀಲುಗಳಿಗೆ ಬೇಕಾದ ಪಿನ್ನು, ಬುಷ್ಷು ಅಲ್ಲಿ ತಯಾರಾಗುತ್ತವೆ. ಬುಷ್ಷು ಅಂದರೆ ದಪ್ಪ ಬಳೆಯ ಹಾಗೆ, ಅಂಗೈಯಲ್ಲಿ ಕೂರುತ್ತದೆ. ಪಿನ್ನು ಅಂದರೆ ನನ್ನ ತೋಳಿನುದ್ದದ ಉಕ್ಕಿನ ಕಂಬ. ವಿಮಾನ ಕಟ್ಟುವ ದೊಡ್ಡ ಕಂಪನಿಯವರಿಗೆ ಆಗ ಆರ್ಡರ್ ತುಂಬಿ ತುಳುಕುತ್ತಿತ್ತು. ಇನ್ನೂ ಕಳಿಸಿ, ಇನ್ನೂ ಬೇಗ ಕಳಿಸಿ ಅಂತ ಅಳಿಯನ ತಲೆ ಮೇಲೆ ಕೂತಿದ್ದರು. ಅವನು ಎರಡನೇ ಶೆಡ್ಡು ಕಟ್ಟಬೇಕಿತ್ತು. ಬ್ಯಾಂಕಿನವರು ಕೊಟ್ಟದ್ದು ಸಾಲದೆ ನೆಂಟರು, ಪರಿಚಯದವರಿಗೆ ಷೇರು ಕೊಡುತ್ತಿದ್ದ. ಜನ ಮುಗಿಬಿದ್ದಿದ್ದರು. ನನ್ನ ಕ್ಷೌರದವನು ಗಂಟಲ ಮೇಲೆ ಕತ್ತಿ ಇಟ್ಟುಕೊಂಡು, "ಸಾರ್, ಟೈಟಾನಿಯಂ ರೇಟು ಮೇಲೆ ಹೋಗುತ್ತಾ?" ಅಂತ ಕೇಳಿದ. ಹೋಗುತ್ತಪ್ಪಾ ಅಂದೆ. ಆ ಹೊತ್ತಿಗೆ ಬೇರೆ ಉತ್ತರ ಕೊಡುವ ಧೈರ್ಯ ಯಾರಿಗಿದೆ.

ತಂಗಿ ಫೋನ್ ಮಾಡಿದಳು. "ಅಣ್ಣಾ, ಶುಕ್ರವಾರ ಮಗಳ ಮನೇಲಿ ಸೈನ್ ಹಾಕೋದಿದೆ. ನೀನು ಬಂದು ಸಾಕ್ಷಿ ಹಾಕ್ಬೇಕು."

"ಯಾರ ಮದುವೆಗೆ?"

"ತಮಾಷೆ ಬೇಡ. ಅಂಗಡಿ ಕೊಡ್ತಾ ಇದೀನಿ. ಸೊಂಟ ಬಿದ್ದೋಗಿದೆ ಅಣ್ಣಾ, ಇನ್ನೆಷ್ಟು ದಿನ ಕಂಡೋರ ಕಾಲರ್ ತಿರುಗಿಸ್ತಾ ಕೂರ್ಲಿ? ಊರೋರೆಲ್ಲ ಹಾಕ್ತಾ ಇದಾರೆ. ಅತ್ತೆಯಾದೋಳು ನಾನೇ ಹಾಕ್ದೆ ಇದ್ರೆ ಉಳಿದೋರು ಏನಂದ್ಕೋತಾರೆ?"

"ಒಂದ್ಸಲ ನೋಡ್ಕೊಂಡು ಬರ್ತೀನಿ. ಆಮೇಲೆ ಸಾಕ್ಷಿ."

"ನೀನು ನೋಡೋಕೆ ಹೋಗಲ್ಲ, ಹುಳುಕು ಹುಡುಕೋಕೆ ಹೋಗ್ತೀಯ."

"ಸಿಗದೇ ಇದ್ರೆ ಶುಕ್ರವಾರ ನಾನೇ ಪೆನ್ನಿನ ಕ್ಯಾಪ್ ತೆಗೆದು ನಿನ್ ಕೈಗೆ ಕೊಡ್ತೀನಿ. ಆಯ್ತಾ?"

ನನ್ನ ಪದ್ಧತಿ ಹೇಳಿಬಿಡುತ್ತೇನೆ. ಕಂಪನಿಯ ಲೆಕ್ಕಪತ್ರ ನಾನು ಓದುತ್ತೇನೆ, ಆದರೆ ಓದಿ ನಂಬುವುದಿಲ್ಲ. ಕಾರ್ಖಾನೆಗೆ ಹೋಗುತ್ತೇನೆ, ಮೂರು ಜಾಗ ನೋಡುತ್ತೇನೆ. ಮೊದಲು ಕೆಲಸಗಾರರ ಕಕ್ಕಸು, ಆಮೇಲೆ ಕ್ಯಾಂಟೀನು, ಕೊನೆಗೆ ಕೆಂಪು ಪಂಜರ. ವಿಮಾನದ ಕೆಲಸ ಮಾಡುವ ಶೆಡ್ಡುಗಳಲ್ಲಿ ಮೂಲೆಯಲ್ಲೊಂದು ಜಾಲರಿಯ ಗೂಡು ಇರುತ್ತದೆ, ಕೆಂಪು ಬಣ್ಣ ಬಳಿದು ಬೀಗ ಹಾಕಿರುತ್ತಾರೆ. ತಪಾಸಣೆಯಲ್ಲಿ ಬಿದ್ದುಹೋದ ಮಾಲಿಗೆ ಕೆಂಪು ಬಣ್ಣ ಹಚ್ಚಿ ಅದರೊಳಗೆ ಹಾಕಬೇಕು. ಅಲ್ಲಿಂದ ಅದು ಹೊರಗೆ ಹೋಗುವುದು ಎರಡು ತುಂಡಾದ ಮೇಲೇ, ಗುಜರಿಗೆ. ಇಡಿಯಾಗಿ ಹೋಗಕೂಡದು, ಯಾರಾದರೂ ಮತ್ತೆ ಜೋಡಿಸಿಬಿಟ್ಟಾರು ಅಂತ. ಪಂಜರದಲ್ಲಿ ಮಾಲು ತುಂಬಿದ್ದರೆ ಮಾಲೀಕರು ಮುಖ ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಒಳ್ಳೆಯ ಲಕ್ಷಣ. ಯಾರೋ ಒಬ್ಬರು ಕಣ್ಣು ಬಿಟ್ಟುಕೊಂಡು ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ಅಳಿಯ ಗೇಟಿನವರೆಗೂ ಬಂದು ಕರೆದುಕೊಂಡು ಹೋದ. ಒಳ್ಳೆಯ ಮನುಷ್ಯ, ಅದನ್ನು ಈಗಲೂ ಹೇಳುತ್ತೇನೆ. ಬಾಗಿಲಿನಷ್ಟು ಅಗಲದ ಮೈ, ಆದರೆ ಮಾತು ಮೆತ್ತಗೆ. ಮಾಲೀಕನಾದರೂ ಉಗುರಿನ ಸಂದಿಯ ಎಣ್ಣೆ ಹೋಗಿರಲಿಲ್ಲ. ಕೆಲಸದವರನ್ನು ಮನೆಯವರ ಹಾಗೆ ನೋಡಿಕೊಳ್ಳುತ್ತಿದ್ದ.

ಕಕ್ಕಸು ನಮ್ಮ ಮನೆಯದ್ದಕ್ಕಿಂತ ಚೊಕ್ಕಟ. ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ಚಮಚ ಕೈಯಲ್ಲಿ ಹಿಡಿದುಕೊಂಡೇ ಕೂತಲ್ಲಿ ನಿದ್ದೆ ಹೋಗಿದ್ದ. ಪಕ್ಕದವರು ಅವನ ತಟ್ಟೆ ಸರಿಸಿ ತಮ್ಮ ಪಾಡಿಗೆ ತಿನ್ನುತ್ತಿದ್ದರು, ಅದು ದಿನಾ ಇದ್ದದ್ದೇ ಅನ್ನುವ ಹಾಗೆ. ಹೊಸ ಮಷಿನ್‌ಗಳ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಬಿಚ್ಚಿರಲಿಲ್ಲ, ಬೇಕಾದಷ್ಟು ಜಾಗ ಮಾತ್ರ ಹರಿದು ಓಡಿಸುತ್ತಿದ್ದರು. ಅದನ್ನು ತೆಗೆಯಲೂ ಪುರುಸೊತ್ತಿಲ್ಲ ಅಂದರೆ ಲೆಕ್ಕ ಹಾಕಿ.

ಆಮೇಲೆ ಪಂಜರ. ಅದರ ಬಾಗಿಲು ಹಾರುಹೊಡೆದಿತ್ತು. ಬೀಗವೇ ಇಲ್ಲ. ಒಳಗೆ ಗುಡಿಸಿ ಒರೆಸಿ, ನಡುವೆ ಒಂದು ಹೂವಿನ ಕುಂಡ ಇಟ್ಟಿದ್ದರು. ಮೇಲಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಫೋಟೋಗಳ ಸಾಲು. ಪ್ರತಿಯೊಂದರಲ್ಲೂ ಹತ್ತಿಪ್ಪತ್ತು ಜನ ಆ ಪಂಜರದೊಳಗೇ ನಿಂತು, ಜಾಲರಿ ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದಾರೆ.

"ಇದೇನಪ್ಪಾ, ಎಲ್ಲರನ್ನೂ ಬಂಧಿಸಿದೀಯ?"

ಅಳಿಯ ನಕ್ಕ. "ಬಹುಮಾನ ಮಾವ. ಯಾವ ಶಿಫ್ಟಿನೋರು ತಿಂಗಳಿಡೀ ಪಂಜರ ಖಾಲಿ ಇಡ್ತಾರೋ, ಅವರಿಗೆಲ್ಲ ಮನೆಮಂದಿ ಸಮೇತ ಸಮುದ್ರದ ದಡದಲ್ಲಿ ಹೋಟೆಲು. ಒಂದು ಪೀಸ್ ಬಿದ್ರೂ ಇಡೀ ಶಿಫ್ಟಿಗೆ ಇಲ್ಲ. ಮೊದಲು ತುಂಬ್ತಾ ಇತ್ತು. ಈಗ ನೋಡಿ, ಒಂದು ವರ್ಷದಿಂದ ಒಂದೇ ಒಂದು ಪೀಸೂ ಇಲ್ಲ."

"ಮಾಲು ಎಷ್ಟು ಜಾಸ್ತಿಯಾಗಿದೆ?"

"ಮೂರು ಪಟ್ಟು."

"ಕೆಲಸದೋರು?"

"ಅರ್ಧಕ್ಕರ್ಧ ಹೊಸಬರು ಮಾವ."

"ಹೊಸಬರು, ಮೂರು ಪಟ್ಟು ಕೆಲಸ, ನಿದ್ದೆಗೆಟ್ಟಿದಾರೆ. ಆದ್ರೂ ತಪ್ಪೇ ಆಗಿಲ್ಲ?"

"ಪ್ರೀತಿಯಿಂದ ಕೆಲಸ ತಗೊಂಡ್ರೆ ಹೀಗೇ ಮಾವ," ಅಂದ. ಅಂದವನು ನನ್ನ ಮುಖ ನೋಡಲಿಲ್ಲ, ಕುಂಡದ ಹೂವು ನೋಡುತ್ತಿದ್ದ.

ಪಕ್ಕದಲ್ಲೇ ತಪಾಸಣೆಯ ಗಾಜಿನ ಕೋಣೆ. ಒಳಗೆ ಒಬ್ಬ ಹೆಣ್ಣುಮಗಳು ಕೂತಿದ್ದಳು, ಎದುರಿಗೆ ಅಳತೆಯ ಸಾಮಾನು. ಮೇಜಿನ ತುದಿಯಲ್ಲಿ ಕೆಂಪು ಬಣ್ಣದ ಡಬ್ಬಿ, ಅದರ ಮೇಲೆ ಬ್ರಷ್ಷು. ಸುಮ್ಮನೆ ಬ್ರಷ್ಷು ಮುಟ್ಟಿದೆ. ಬೆರಳಿಗೆ ಹತ್ತಿತು. ಒದ್ದೆ.

"ಏನಮ್ಮಾ, ಒಂದು ವರ್ಷದಿಂದ ಹಚ್ಚೋಕೆ ಏನೂ ಇಲ್ಲ, ಬಣ್ಣ ಮಾತ್ರ ಒಣಗಿಲ್ವಲ್ಲ?"

ಅವಳು ಅಳಿಯನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಡಬ್ಬಿ ಒಣಗಬಾರದು ಅಂತ ಆಗಾಗ ಕಲಕ್ತೀನಿ ಸಾರ್," ಅಂದಳು. ಅವಳ ಹೆಬ್ಬೆರಳಿನ ಉಗುರಿನ ಅಂಚೆಲ್ಲ ಕೆಂಪಾಗಿತ್ತು.

ಅಲ್ಲಿಂದ ನೇರ ತಂಗಿಯ ಅಂಗಡಿಗೆ ಹೋದೆ. ಮಹಡಿ ಮೇಲೆ ಅವಳು ಮೇಜಿನ ಒಂದು ತುದಿಯಲ್ಲಿ, ಇನ್ನೊಂದು ತುದಿಯಲ್ಲಿ ಅವಳ ಹಳೆಯ ಕೆಲಸದವಳು. ಬಟ್ಟೆ ಕತ್ತರಿಸುವುದು ಅವಳ ಕೆಲಸವಾದ್ದರಿಂದ ಎಲ್ಲರೂ ಅವಳನ್ನು ಕಟಿಂಗ್ ಅಮ್ಮ ಅಂತಲೇ ಕರೆಯುತ್ತಿದ್ದರು. ನಾನು ಪಂಜರದ ವಿಷಯ ಹೇಳಿದೆ. ತಂಗಿಗೆ ರೇಗಿತು.

"ಕಸ ಇಲ್ಲ ಅಂತ ದೂರು ಹೇಳೋನು ಪ್ರಪಂಚದಲ್ಲಿ ನೀನೊಬ್ನೇ ಕಣೋ. ನನ್ನ ಅಂಗಡೀಲಿ ಚಿಂದಿ ಬಿದ್ದಿದ್ರೆ ಗಲೀಜು ಅಂತೀಯ, ಅಲ್ಲಿ ಕ್ಲೀನಾಗಿದ್ರೂ ಬೈತೀಯ. ನಿಂಗೆ ಅಳಿಯ ಮುಂದೆ ಬಂದ ಅಂತ ಹೊಟ್ಟೆಉರಿ."

"ಚಿಂದಿ ಇಲ್ದೇ ಇರೋ ಹೊಲಿಗೆ ಅಂಗಡಿ ಎಲ್ಲಾದ್ರೂ ನೋಡಿದೀಯೇನೇ?"

ಅವಳು ಕೆಳಗೆ ನೋಡಿದಳು. ಕಾಲ ಕೆಳಗೆ ಮೊಣಕಾಲುದ್ದ ಚಿಂದಿ ಬಿದ್ದಿತ್ತು. ಕಟಿಂಗ್ ಅಮ್ಮ ಮುಸಿಮುಸಿ ನಕ್ಕಳು. "ಅಣ್ಣಾವ್ರು ಗೆದ್ರು ಬಿಡಿ ಅಕ್ಕ," ಅಂದಳು.

ಮಾತಿಗೆ ಮಾತು ಬೆಳೆಯುವಾಗ ಕೈಗೆ ಸಿಕ್ಕಿದ್ದನ್ನು ಉರುಳಿಸುತ್ತಾ ಕೂರುವುದು ನನ್ನ ಚಾಳಿ. ಕತ್ತರಿಸುವಾಗ ಬಟ್ಟೆ ಜರುಗದಿರಲಿ ಅಂತ ಅದರ ಮೇಲೆ ಭಾರ ಇಡುತ್ತಾರಲ್ಲ, ಹಿಂದೆಲ್ಲ ಅಲ್ಲಿ ಬಟ್ಟೆ ಸುತ್ತಿದ ಇಟ್ಟಿಗೆ ಚೂರುಗಳಿರುತ್ತಿದ್ದವು. ಈಗ ನನ್ನ ಬೆರಳು ಉರುಳಿಸುತ್ತಿದ್ದದ್ದು ತಣ್ಣಗಿತ್ತು. ನೋಡಿದೆ. ಬಳೆಯ ಹಾಗೆ, ಕನ್ನಡಿಯ ಹಾಗೆ ಹೊಳೆಯುವ ಉಕ್ಕು. ಒಳಗಿನ ಅಂಚಿನಲ್ಲಿ, ಒರೆಸುವ ಬಟ್ಟೆ ಹೋಗದ ಕಡೆ, ಒಂದು ಎಳೆ ಕೆಂಪು. ಮೇಜಿನುದ್ದಕ್ಕೂ ಅಂಥವೇ ಇದ್ದವು. ಎಲ್ಲವೂ ಇಡಿ. ಒಂದೂ ತುಂಡಾಗಿರಲಿಲ್ಲ.

"ಇದೆಲ್ಲಿಂದ ಬಂತು?"

"ನಮ್ಮನೆಯವರು ತಂದಿದ್ದು," ಅಂದಳು ಕಟಿಂಗ್ ಅಮ್ಮ. ಅವಳ ಗಂಡ ಅಳಿಯನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. ಉಕ್ಕನ್ನು ಸಾಣೆಕಲ್ಲಿಗೆ ಕೊಟ್ಟು ನಯ ಮಾಡುವುದು ಅವನ ಕೆಲಸ, ಹೆಸರೂ ಪಾಲಿಶ್ ಅಂತಲೇ ಆಗಿಹೋಗಿತ್ತು. "ತೂಕ ಎಷ್ಟು ಚೆನ್ನಾಗಿದೆ ನೋಡಿ, ರೇಷ್ಮೇನೂ ಜರುಗಲ್ಲ. ನಿಮಗೂ ಬೇಕಾ ಅಣ್ಣಾವ್ರೇ? ಮನೇಲಿ ಬಕೆಟ್ ತುಂಬ ಇದೆ. ಪಕ್ಕದ ಮನೆಯೋರು ಬಾಗಿಲಿಗೆ ಅಡ್ಡ ಇಟ್ಟಿದಾರೆ."

ತಂಗಿ ನನ್ನ ಮುಖ ನೋಡಿದಳು.

ಸಂಜೆ ಪಾಲಿಶ್ ತನ್ನ ಹೆಂಡತಿಯನ್ನು ಕರೆದುಕೊಂಡು ಹೋಗಲು ಸ್ಕೂಟರಿನಲ್ಲಿ ಬಂದ. ಮಾತುಗಾರ, ನಗುಮುಖದವನು. ಅಂಗಡಿ ಮುಂದಿನ ಮೆಟ್ಟಿಲ ಮೇಲೆ ಕೂತು ಅವನಿಗೂ ಒಂದು ಟೀ ತರಿಸಿಕೊಟ್ಟೆ. ಬುಷ್ಷು ತೋರಿಸಿದೆ.

"ಕದ್ದಿದ್ದು ಅನ್ಕೋಬೇಡಿ ಸಾರ್," ಅಂದ. "ಒಳಗಿರಬಾರದ್ದನ್ನ ಹೊರಗೆ ತರ್ತಾ ಇದೀವಿ. ಒಂಥರ ಪುಣ್ಯದ ಕೆಲಸ."

"ಪಂಜರಕ್ಕೆ ಹಾಕೋದಲ್ವಾ?"

"ಹಾಕಿದ್ರೆ ಇಪ್ಪತ್ತು ಜನದ ಹೆಂಡ್ತೀರು ನಮ್ಮನೆ ಬಾಗಿಲಿಗೆ ಬರ್ತಾರೆ, ನಿನ್ನಿಂದ ಹೋಟೆಲು ತಪ್ತು ಅಂತ. ಪೊರಕೆ ತಗೊಂಡು. ಅದಕ್ಕೆ ಎಲ್ಲರೂ ಊಟದ ಡಬ್ಬೀಲಿ ಹಾಕ್ಕೊಂಡು ಬರೋದು."

"ಗೇಟಲ್ಲಿ ಚೆಕ್ ಮಾಡಲ್ವಾ?"

"ಗೇಟಿನವನಿಗೂ ಹೆಂಡ್ತಿ ಇದಾಳಲ್ಲ ಸಾರ್. ಅವನೂ ನಮ್ಮ ಶಿಫ್ಟೇ." ಅವನು ನಕ್ಕ. ನಾನೂ ನಕ್ಕೆ. ನಕ್ಕು ಟೀ ಲೋಟ ಕೆಳಗಿಡುವಾಗ ನನ್ನ ಕಣ್ಣು ಅವನ ಊಟದ ಡಬ್ಬಿಯ ಮೇಲೆ ಬಿತ್ತು. ಸ್ಕೂಟರಿನ ಕೊಕ್ಕೆಗೆ ನೇತುಹಾಕಿದ್ದ. ಸಣ್ಣ ಡಬ್ಬಿ, ನನ್ನ ಎರಡು ಅಂಗೈ ಸೇರಿಸಿದಷ್ಟು.

"ಸರಿ, ಬುಷ್ಷು ಇದರಲ್ಲಿ ಬರುತ್ತೆ," ಅಂದೆ. "ಪಿನ್ನು?"

ಪಾಲಿಶ್ ಎದ್ದು ಹೋಗಿ ಸ್ಕೂಟರಿನ ಸೀಟು ಒರೆಸತೊಡಗಿದ. ಸೀಟಿನ ಮೇಲೆ ಧೂಳೇನೂ ಇರಲಿಲ್ಲ.

"ಕೇಳಿದ್ದು ನಿನ್ನನ್ನೇ ಕಣಯ್ಯಾ. ಪಿನ್ನಲ್ಲಿ ತಪ್ಪಾಗಲ್ವಾ?"

"ಆಗುತ್ತೆ. ಅದೇ ಜಾಸ್ತಿ ಆಗೋದು. ಅವಸರಕ್ಕೆ ಕಲ್ಲು ಜೋರಾಗಿ ಒತ್ತಿದ್ರೆ ಉಕ್ಕು ಸುಡುತ್ತೆ ಸಾರ್. ಮೇಲಕ್ಕೆ ಕಾಣಲ್ಲ, ಫಳಫಳ ಅಂತಿರುತ್ತೆ. ಒಳಗೆ ಕೂದಲೆಳೆಯಷ್ಟು ಸೀಳು. ಆಸಿಡ್ಡಿನ ಮದ್ದು ಹಾಕಿ ನೋಡಿದ್ರೇ ಗೊತ್ತಾಗೋದು."

"ಅಂಥದ್ದನ್ನ ವಿಮಾನಕ್ಕೆ ಹಾಕಿದ್ರೆ ಮುರಿಯುತ್ತಾ?"

"ಇವತ್ತು ಮುರಿಯಲ್ಲ. ನಾಳೇನೂ ಮುರಿಯಲ್ಲ. ನೆಲಕ್ಕೆ ಕುಕ್ಕಿ, ಕುಕ್ಕಿ, ಕುಕ್ಕಿ..."

"ಅವೆಲ್ಲ ಎಲ್ಲಿ ಹೋಗ್ತವೆ?"

"ಡಬ್ಬೀಲಿ ಹಿಡಿಸಲ್ಲ," ಅಂದ. ಒರೆಸುವ ಬಟ್ಟೆ ಕೊಡವಿ ಮಡಚುತ್ತ, "ಕೆಂಪು ಬಣ್ಣ ಥಿನ್ನರಿಗೆ ಹೋಗುತ್ತೆ ಸಾರ್. ಯಾರು ಒರೆಸ್ತಾರೆ ನಂಗೊತ್ತಿಲ್ಲ. ಬೆಳಗ್ಗೆ ತಪಾಸಣೆ ಆಯಮ್ಮನ ಮೇಜಿನ ಮೇಲೆ ಕೆಂಪಗೆ ಇರುತ್ತೆ. ಮಧ್ಯಾಹ್ನ ನೋಡಿದ್ರೆ ಮೇಜು ಖಾಲಿ, ಪಂಜರಾನೂ ಖಾಲಿ. ನಾನೇನೂ ಹೇಳಿಲ್ಲ. ಯಾರಾದ್ರೂ ಕೇಳಿದ್ರೆ ನಿಮ್ಮನ್ನ ನೋಡೇ ಇಲ್ಲ ಅಂತೀನಿ."

ಹಿಂದೆ ತಿರುಗಿದರೆ ಬಾಗಿಲಲ್ಲಿ ತಂಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಿರುಗಿ ಮೇಲೆ ಹೋದಳು. ಮೇಜಿನ ಮೇಲಿದ್ದ ಬುಷ್ಷುಗಳನ್ನೆಲ್ಲ ಒಂದೊಂದಾಗಿ ಬಟ್ಟೆಚೀಲಕ್ಕೆ ಹಾಕುವ ಸದ್ದು ಕೆಳಗೆ ನನಗೆ ಕೇಳಿಸಿತು. ಟಣ್, ಟಣ್ ಅಂತ. ಅದು ನಿಂತ ಮೇಲೂ ಕಿವಿಯಲ್ಲಿ ಉಳಿಯುವಂಥ ಸದ್ದು.

ಶುಕ್ರವಾರ ಮಧ್ಯಾಹ್ನ ಸೊಸೆಯ ಮನೆಗೆ ಹೋದೆವು. ಸೊಸೆ ಅಂದರೆ ತಂಗಿಯ ಮಗಳು. ನಾನು ಅವಳ ಸೋದರಮಾವ. ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ಊಟದ ಮೇಜಿನ ಮೇಲೆ ಕಾಗದಪತ್ರಗಳು ಅಚ್ಚುಕಟ್ಟಾಗಿ ಕಾಯುತ್ತಿದ್ದವು. ಅಂಗಡಿ ಕೊಳ್ಳುವವರು ಆಗಲೇ ಸೈನ್ ಹಾಕಿ ಕಳಿಸಿದ್ದರು, ತಂಗಿಯದ್ದೊಂದೇ ಬಾಕಿ. ಅವಳು ಕೂತವಳೇ ಚೀಲ ಬೋರಲು ಹಾಕಿದಳು. ಬುಷ್ಷುಗಳು ಕಾಗದದ ಮೇಲೆಲ್ಲ ಉರುಳಿದವು. ಒಂದು ಮೇಜಿನಂಚಿಗೆ ಹೋಗಿ ಬೀಳುವುದರಲ್ಲಿತ್ತು, ಅಳಿಯ ಕೈ ಚಾಚಿ ಹಿಡಿದ.

ಹಿಡಿದವನು ಅದನ್ನು ನೋಡಿದ. ಮುಖದ ಬಣ್ಣ ಇಳಿದು ಮತ್ತೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

"ಎಲ್ಲಿ ಸಿಕ್ತು ಅತ್ತೆ?"

"ನನ್ನ ಕಟಿಂಗ್ ಮೇಜಿನ ಮೇಲೆ. ನಿಮ್ಮ ಜನ ಊಟದ ಡಬ್ಬೀಲಿ ತಂದಿರೋದು. ಇದಕ್ಕೇನು ಹೇಳ್ತೀರ ಅಳಿಯಂದಿರೇ?"

ಅವನು ಕುರ್ಚಿ ಎಳೆದುಕೊಂಡು ಕೂತ. ಬುಷ್ಷನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಆಮೇಲೆ, ನಂಬಿದರೆ ನಂಬಿ, ನಿಧಾನವಾಗಿ ನಕ್ಕ.

"ಅತ್ತೆ, ನೀವೇ ಯೋಚನೆ ಮಾಡಿ. ಇವು ಇಲ್ಲಿವೆ ಅಂದ್ರೆ ವಿಮಾನದಲ್ಲಿ ಇಲ್ಲ ಅಂತ ತಾನೆ? ಕೆಟ್ಟದ್ದು ನಿಮ್ಮ ಬಟ್ಟೆ ಮೇಲೆ ಕೂತಿದೆ. ಒಳ್ಳೇದು ಪೆಟ್ಟಿಗೇಲಿ ಹೋಗಿದೆ. ಪಂಜರಕ್ಕೆ ಹಾಕ್ಬೇಕಿತ್ತು, ಡಬ್ಬಿಗೆ ಹಾಕಿದಾರೆ. ತಪ್ಪೇ. ಬಹುಮಾನ ನಾಳೆಯಿಂದಲೇ ನಿಲ್ಲಿಸ್ತೀನಿ, ಬೀಗ ಹಾಕಿಸ್ತೀನಿ."

"ಪಿನ್ನು?" ಅಂದೆ ನಾನು.

"ಪಿನ್ನು ಕೆಟ್ಟಿದ್ರೆ ಅದೂ ಎಲ್ಲಾದ್ರೂ ಹೀಗೇ ಸಿಗ್ತಿತ್ತಲ್ಲ ಮಾವ. ಎಲ್ಲೂ ಸಿಕ್ಕಿಲ್ಲ ಅಂದ್ರೆ ಕೆಟ್ಟಿಲ್ಲ."

ಪಾಲಿಶ್ ಹೇಳಿದ್ದನ್ನು ಹೇಳಿದೆ, ಹೆಸರು ಹೇಳದೆ. ಥಿನ್ನರ್ ವಿಷಯವನ್ನೂ ಹೇಳಿದೆ. "ನೋಡಿದೋರು ಯಾರು ಮಾವ? ಒಬ್ಬರನ್ನ ತೋರಿಸಿ," ಅಂದ. ಒರೆಸುವುದನ್ನು ಪಾಲಿಶ್ ಕೂಡ ಕಣ್ಣಾರೆ ಕಂಡಿರಲಿಲ್ಲ. ತಂಗಿಯ ಮುಖ ನೋಡಿದರೆ ಎಷ್ಟೋ ದಿನದ ಮೇಲೆ ನಿದ್ದೆ ಬಂದವರ ಹಾಗೆ ಸಡಿಲವಾಗಿತ್ತು. ಅಳಿಯ ಒಳ್ಳೆಯವನು ಅಂತ ನಂಬಲು ಅವಳಿಗೊಂದು ದಾರಿ ಬೇಕಿತ್ತು, ಸಿಕ್ಕಿಬಿಟ್ಟಿತು.

"ಅಣ್ಣಾ," ಅಂದಳು, "ಕ್ಯಾಪ್ ತೆಗೆದು ಕೊಡ್ತೀನಿ ಅಂದಿದ್ದೆ."

ನನ್ನ ಜೇಬಿನ ಪೆನ್ನು ತೆಗೆದೆ. ಕ್ಯಾಪ್ ತೆಗೆದು ಅವಳ ಕೈಗೆ ಕೊಟ್ಟೆ. ಮಾತು ಅಂದರೆ ಮಾತು.

ಅಷ್ಟರಲ್ಲಿ ಸೊಸೆ ಕಾಫಿ ತಟ್ಟೆ ಹಿಡಿದುಕೊಂಡು ಬಂದಳು, ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡು.

"ಅಮ್ಮಾ, ಇವರಿಗೆ ನೀನಾದ್ರೂ ಸ್ವಲ್ಪ ಬುದ್ಧಿ ಹೇಳು. ದೊಡ್ಡ ಕಂಪನಿಯೋರು ಇವರಿಗೆ ಈ ವರ್ಷದ ಪ್ರೈಜ್ ಕೊಡ್ತಾ ಇದಾರೆ, ಬಿಡಿಭಾಗ ಕಳಿಸೋರಲ್ಲೆಲ್ಲ ಇವರೇ ಮೊದಲಂತೆ. ಇಬ್ಬರಿಗೂ ಟಿಕೆಟ್ ಕಳಿಸಿದಾರೆ. ಇವರು ಅದನ್ನ ಬೇಡ ಅಂದು ಕಾರಲ್ಲಿ ಹೋಗೋಣ ಅಂತಾರೆ. ಎರಡು ದಿನದ ದಾರಿ."

"ಬೆನ್ನು ನೋವು," ಅಂದ ಅಳಿಯ.

"ಕೇಳಿದೆಯಾ ಮಾವ? ಬೆನ್ನು ನೋವಿರೋರು ಎರಡು ದಿನ ಕಾರಲ್ಲಿ ಕೂರ್ತಾರಾ? ಮೊದಲೆಲ್ಲ ಹೀಗಿರಲಿಲ್ಲ. ಈ ವರ್ಷ ವಿಮಾನ ಅಂದ್ರೆ ಸಾಕು, ಏನಾದ್ರೊಂದು ನೆಪ. ನನ್ನ ಗೆಳತಿ ಮದುವೆಗೆ ನಾನೊಬ್ಬಳೇ ಹೋಗ್ತೀನಿ ಅಂದೆ, ಅದಕ್ಕೂ ಬಿಡಲಿಲ್ಲ. ಬಸ್ಸಲ್ಲಿ ಕಳಿಸಿದ್ರು ನನ್ನ, ಬಸ್ಸಲ್ಲಿ. ವಾಂತಿ ಮಾಡ್ಕೊಂಡು ಹೋದೆ."

ತಂಗಿಯ ಕೈಯ ಪೆನ್ನು ಕಾಗದದ ಮೇಲೆ ಒಂದು ಬೆರಳಿನಷ್ಟು ಮೇಲಕ್ಕೆ ನಿಂತಿತ್ತು. "ಅದು ಯಾವ ವಿಮಾನ ಮಗಳೇ?"

"ನಮ್ಮ ಕಾಲಿರೋದೇ ಅಮ್ಮ," ಅಂದಳು ಅವಳು, ಹೆಮ್ಮೆಯಿಂದ. "ಇವರ ಪಿನ್ನೇ ಹಾಕಿರೋದು. ಅದಕ್ಕೇ ನಂಗಾಸೆ."

ಯಾರೂ ಕಾಫಿ ಮುಟ್ಟಲಿಲ್ಲ. ಅಳಿಯ ಮೇಜಿನ ಮೇಲಿದ್ದ ಬುಷ್ಷುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸುತ್ತಿದ್ದ. ಜೋಡಿಸಿ ಮುಗಿದ ಮೇಲೂ ಅವುಗಳನ್ನು ಸರಿಮಾಡುತ್ತಲೇ ಇದ್ದ.

"ಅಳಿಯಂದಿರೇ," ಅಂದಳು ತಂಗಿ. ಗಿರಾಕಿಗೆ ಬಟ್ಟೆ ಯಾವತ್ತು ಸಿಗುತ್ತದೆ ಅಂತ ಹೇಳುವ ಧ್ವನಿ, ಅಷ್ಟೇ ಸಹಜ. "ಬೆನ್ನು ನೋವಾದ್ರೆ ನೀವು ಕಾರಲ್ಲೇ ಬನ್ನಿ. ಅವಳಿಗೆ ಆಸೆ ಇದೆ, ಅವಳನ್ನ ವಿಮಾನದಲ್ಲಿ ಕಳಿಸಿ. ಕಳಿಸ್ತೀನಿ ಅನ್ನಿ, ಈಗಲೇ ಸೈನ್ ಹಾಕ್ತೀನಿ."

ಅವನು ಪೆನ್ನು ನೋಡಿದ. ಎರಡನೇ ಶೆಡ್ಡು ಆ ಪೆನ್ನಿನ ತುದಿಯಲ್ಲಿತ್ತು. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ತಟ್ಟೆ ಸೊಂಟಕ್ಕೆ ಒತ್ತಿಕೊಂಡು, ಗೆದ್ದವಳ ಹಾಗೆ ಹುಬ್ಬು ಹಾರಿಸುತ್ತ ನಿಂತಿದ್ದಳು. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಸುಳ್ಳು ಹೇಳಿ ನಾಳೆ ಟಿಕೆಟ್ ಹರಿದು ಹಾಕಬಹುದಿತ್ತು. ಅಷ್ಟು ಕೆಟ್ಟವನು ಅವನಾಗಿರಲಿಲ್ಲವೋ, ಇಲ್ಲ ಅಷ್ಟು ಹೊತ್ತಿಗೆ ಆ ಸುಳ್ಳು ಹೇಳಲೂ ಭಯವಾಯಿತೋ.

"ಬೇಡ ಅತ್ತೆ," ಅಂದ.

ತಂಗಿ ನನ್ನ ಕಡೆ ಕೈ ಚಾಚಿದಳು. ಕ್ಯಾಪ್ ಕೊಟ್ಟೆ. ಪೆನ್ನಿಗೆ ಹಾಕಿ ಒತ್ತಿದಳು. ಟಿಕ್ ಅಂತ ಸದ್ದಾಯಿತು.

"ಎಷ್ಟು ಹೋಗಿವೆ?" ಅಂತ ಕೇಳಿದಳು.

"ಗೊತ್ತಿಲ್ಲ ಅತ್ತೆ."

"ಯಾವ್ಯಾವ್ದರಲ್ಲಿ?"

"ಬಣ್ಣ ಒರೆಸಿದ ಮೇಲೆ..." ಅಂದು ನಿಲ್ಲಿಸಿದ. "ಒಳ್ಳೇದು ಕೆಟ್ಟದ್ದು ಎರಡೂ ಒಂದೇ ಥರ ಇರ್ತವೆ. ನಂಗೇ ಗೊತ್ತಾಗಲ್ಲ."

"ಏನಾಯ್ತು ಎಲ್ಲರಿಗೂ?" ಅಂದಳು ಸೊಸೆ. "ಸೈನ್ ಹಾಕಲ್ವಾ ಅಮ್ಮ?"

ದೊಡ್ಡ ಕಂಪನಿಯವರ ಕಚೇರಿಗೆ ನಾನೂ ತಂಗಿಯೂ ಹೋದೆವು, ಚೀಲ ಹೊತ್ತುಕೊಂಡು. ಟೈ ಕಟ್ಟಿಕೊಂಡ ಒಬ್ಬ ಕೂರಿಸಿ ಎಲ್ಲ ಕೇಳಿದ. ನನ್ನ ಗಂಡನನ್ನೇ ದೂರುತ್ತಿದ್ದೀರಾ ಅಂತ ಸೊಸೆ ಆವತ್ತಿಗೇ ಮಾತು ಬಿಟ್ಟಿದ್ದಳು. ಟೈನವನು ಬುಷ್ಷು ಬೆಳಕಿಗೆ ಹಿಡಿದು ತಿರುಗಿಸಿ, "ಇವು ಹೊರಗಿವೆಯಲ್ಲ, ಹಾಗಾದ್ರೆ ಒಳಗೆ ಹೋಗಿಲ್ಲ," ಅಂದ. ಅದೇ ಮಾತು, ಅದೇ ನಗು. ಆಮೇಲೆ ತಪಾಸಣೆಗೆ ಇಬ್ಬರನ್ನು ಕಳಿಸಿದರಂತೆ. ಪಾಲಿಶ್‌ನ ಹೆಂಡತಿ ಹೇಳಿದ್ದು: ಬಂದವರಿಗೆ ಪಂಜರ ಬಹಳ ಹಿಡಿಸಿತಂತೆ, ಒಳಗೆ ನಿಂತು ಫೋಟೋ ತೆಗೆಸಿಕೊಂಡರಂತೆ. ಪಾಲಿಶ್‌ನನ್ನು ಕೇಳಿದರಾ ಅಂದೆ. ಕೇಳಿದರು, ಏನೂ ಗೊತ್ತಿಲ್ಲ ಅಂದ ಅಂದಳು, ಕತ್ತರಿ ನೋಡುತ್ತ.

ತಂಗಿ ಹಾಕದಿದ್ದರೇನು, ಬೇರೆಯವರು ಹಾಕಿದರು. ಎರಡನೇ ಶೆಡ್ಡು ಎದ್ದಿತು. ಆಗ ಹಾಕಿದವರ ದುಡ್ಡು ಈಗ ಎರಡು ಪಟ್ಟಾಗಿದೆ, ನನ್ನ ಕ್ಷೌರದವನು ಸ್ವಂತ ಕಾರು ತಂದಿದ್ದಾನೆ. ತಂಗಿಯನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಅಣ್ಣನ ಮಾತು ಕೇಳಿ ಕೆಟ್ಟಳು ಅಂತ. ಅಳಿಯ ಪ್ರೈಜನ್ನು ಕಾರಿನಲ್ಲಿ ಹೋಗಿ ತಂದ. ಎರಡು ದಿನ ಹೋಗುತ್ತಾ, ಎರಡು ದಿನ ಬರುತ್ತಾ.

ಆದ್ದರಿಂದ ಹಾಕಿ, ಬಿಡಿ, ನಿಮ್ಮಿಷ್ಟ. ಹಾಕುವ ಮುಂಚೆ ಮಾತ್ರ ಯಜಮಾನರು ದೂರದೂರಿಗೆ ಹೇಗೆ ಹೋಗುತ್ತಾರೆ, ಹೆಂಡತಿಯನ್ನು ಹೇಗೆ ಕಳಿಸುತ್ತಾರೆ ಅಂತ ಕೇಳಿಕೊಂಡು ಬನ್ನಿ. ಲೆಕ್ಕಪತ್ರ ಆಮೇಲೆ ನೋಡೋಣ.

ತಂಗಿಯ ಮೇಜಿನ ಮೇಲೆ ಮತ್ತೆ ಇಟ್ಟಿಗೆ ಚೂರುಗಳು ಬಂದಿವೆ. ಮೊನ್ನೆ ಒಂದು ಅಂಗಿ ಅಳತೆ ಕೊಡಲು ಹೋಗಿದ್ದೆ. ಮಹಡಿಯ ಮೇಲೆ ಎಂದಿನಂತೆ ಗಲಾಟೆ, ಯಾರದೋ ಅತ್ತೆಯ ಸುದ್ದಿ, ನಗು. ದೂರದಲ್ಲಿ ವಿಮಾನದ ಸದ್ದು ಕೇಳಿಸಿತು. ಇಳಿಯಲು ಬರುತ್ತಿದ್ದದ್ದು. ಆ ಊರಲ್ಲಿ ಅದು ಹೊಸದೇನಲ್ಲ, ಹಗಲೆಲ್ಲ ಬರುತ್ತಲೇ ಇರುತ್ತವೆ. ಕಟಿಂಗ್ ಅಮ್ಮನ ಕತ್ತರಿ ಬಟ್ಟೆಯ ನಡುವೆ ನಿಂತಿತು. ಮಾತಾಡುತ್ತಿದ್ದವಳು ಮಾತು ಅರ್ಧಕ್ಕೆ ಬಿಟ್ಟಳು. ಮಷಿನ್‌ಗಳು ಒಂದೊಂದಾಗಿ ನಿಂತವು. ಸದ್ದು ಚಾವಣಿಯ ಮೇಲೆ ಬಂತು, ಕಿಟಕಿ ಗಾಜು ನಡುಗಿತು, ಆಮೇಲೆ ಆಚೆ ಕಡೆಗೆ ಇಳಿಯಿತು. ನೆಲ ಮುಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಯಾರೂ ಕದಲಲಿಲ್ಲ.

ಆಮೇಲೆ ತಂಗಿ, "ಹೂಂ, ಹೇಳು," ಅಂದಳು. ಕತ್ತರಿ ಮುಂದಕ್ಕೆ ಹೋಯಿತು.